ಚಿತ್ರದ ಕೆಳಗೆ ಎರಡು ವಾಕ್ಯ ಬರೆಯಲಿ

2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಮೊಬೈಲಿಗೆ ಬಂದ ತರಗತಿ, ಬಾಗಿಲು ಮತ್ತೆ ತೆರೆದ ಮೇಲೂ ಪೂರ್ತಿಯಾಗಿ ಮೊಬೈಲು ಬಿಟ್ಟು ಹೋಗಲಿಲ್ಲ. ಹೈಸ್ಕೂಲಿನಿಂದ ಪದವಿಯವರೆಗೆ ಪಾಠದ ಮೇಲಿನ ಚರ್ಚೆ ಈಗಲೂ ಎಷ್ಟೋ ಕಡೆ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಗೂಗಲ್ ಕ್ಲಾಸ್‌ರೂಮಿನಲ್ಲೋ ಮುಂದುವರಿಯುತ್ತದೆ. ಮೇಷ್ಟ್ರು ಒಂದು ಪ್ರಶ್ನೆ ಹಾಕಿದರೆ ಉತ್ತರದ ಜಾಗದಲ್ಲಿ ಸಾಲಾಗಿ ಬಂದು ಬೀಳುವುದು ಚಿತ್ರಗಳು: ನೋಟ್ಸಿನ ಫೋಟೊ, ಪಠ್ಯಪುಸ್ತಕದ ಪುಟ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಬಣ್ಣಬಣ್ಣದ ರೇಖಾಚಿತ್ರ. ಚಿತ್ರ ಹಾಕುವುದಕ್ಕೆ ನನ್ನ ತಕರಾರಿಲ್ಲ, ಇನ್ನಷ್ಟು ಹಾಕಲಿ. ತಕರಾರಿರುವುದು ಚಿತ್ರವನ್ನು ಒಂದು ಮಾತೂ ಇಲ್ಲದೆ ಹಾಕಿ ಸುಮ್ಮನಾಗುವ ಅಭ್ಯಾಸದ ಬಗ್ಗೆ. ಅದರಲ್ಲಿ ಏನಿದೆ, ಅದನ್ನು ಯಾಕೆ ಹಾಕಿದೆ ಎಂದು ಹಾಕಿದವರೇ ಎರಡು ವಾಕ್ಯ ಬರೆಯಬೇಕು. ಅದನ್ನು ಕಲಿಕೆಯ ಭಾಗವೆಂದೇ ಶಿಕ್ಷಕರು ಕಡ್ಡಾಯ ಮಾಡಬೇಕು.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಬರುವ ಹೃದಯದ ಚಿತ್ರವನ್ನೇ ನೋಡಿ. ಪುಟದಲ್ಲಿ ನಮ್ಮ ಎಡಕ್ಕೆ ಕಾಣುವುದು ಹೃದಯದ ಬಲಭಾಗ, ಏಕೆಂದರೆ ಚಿತ್ರದಲ್ಲಿರುವ ದೇಹ ನಮಗೆ ಎದುರುಮುಖವಾಗಿದೆ. ಚಿತ್ರವನ್ನು ಫೋಟೊ ತೆಗೆದು ಕಳಿಸುವ ವಿದ್ಯಾರ್ಥಿಗೆ ಇದು ಹೊಳೆಯದೇ ಹೋಗಬಹುದು. ಅಂದವಾಗಿ ನಕಲು ಮಾಡಿ ಬಣ್ಣ ತುಂಬಿದವರಿಗೂ ಹೊಳೆಯದೇ ಹೋಗಬಹುದು. ಆದರೆ ‘ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪಗಿದೆ, ಇಡೀ ದೇಹಕ್ಕೆ ರಕ್ತ ತಳ್ಳುವುದು ಅದೇ’ ಎಂದು ಬರೆಯಲು ಹೊರಟ ಕ್ಷಣದಲ್ಲಿ ಎಡ ಯಾವುದು, ಬಲ ಯಾವುದು ಎಂದು ಬೆರಳಿಟ್ಟು ನೋಡಲೇಬೇಕಾಗುತ್ತದೆ. ತಪ್ಪು ತಿಳಿದಿದ್ದರೆ ಅದೂ ಆ ವಾಕ್ಯದಲ್ಲೇ ಹೊರಬೀಳುತ್ತದೆ, ಮೇಷ್ಟ್ರು ತಿದ್ದಬಹುದು. ಬರೀ ಫೋಟೊದಲ್ಲಿ ತಿದ್ದಲು ಏನೂ ಸಿಗುವುದಿಲ್ಲ. ಪುಸ್ತಕದ ಚಿತ್ರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದನ್ನು ಕಳಿಸಿದವರಿಗೆ ಎಷ್ಟು ಅರ್ಥವಾಗಿದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಚಿತ್ರವೊಂದೇ ಎಲ್ಲವನ್ನೂ ಹೇಳಿಬಿಡುತ್ತದೆ ಎನ್ನುವವರು ಲಂಡನ್ನಿನ ವೈದ್ಯ ಜಾನ್ ಸ್ನೋ ಅವರ ನಕ್ಷೆಯನ್ನು ಉದಾಹರಿಸುವುದುಂಟು. 1854ರಲ್ಲಿ ಸೋಹೊ ಪ್ರದೇಶದಲ್ಲಿ ಕಾಲರಾ ಹರಡಿದಾಗ ಸತ್ತವರ ಮನೆಗಳನ್ನು ಅವರು ಬೀದಿಗಳ ನಕ್ಷೆಯ ಮೇಲೆ ಕಪ್ಪು ಗೆರೆಗಳಾಗಿ ಗುರುತಿಸಿದರು. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ದಟ್ಟವಾಗಿದ್ದವು. ಆದರೆ ಅಲ್ಲಿಗೇ ನಿಂತಿದ್ದರೆ, ಆ ಜಾಗದ ಗಾಳಿಯೇ ಕೆಟ್ಟಿದೆ ಎಂಬ ಅಂದಿನ ನಂಬಿಕೆಗೂ ಅದೇ ನಕ್ಷೆ ಸಾಕ್ಷಿಯಾಗಬಹುದಿತ್ತು. ವಾದವನ್ನು ಗಟ್ಟಿ ಮಾಡಿದ್ದು 1855ರ ಪುಸ್ತಕದಲ್ಲಿ ನಕ್ಷೆಯ ಜೊತೆಗೆ ಅವರು ಬರೆದ ವಿವರಣೆ. ಹತ್ತಿರದಲ್ಲೇ ಇದ್ದ ಬಡವರ ದುಡಿಮೆಶಾಲೆಯ 535 ಮಂದಿಯಲ್ಲಿ ಕಾಲರಾದಿಂದ ಸತ್ತವರು ಐದೇ ಜನ. ಅಲ್ಲಿ ಬೇರೆ ಬಾವಿಯಿತ್ತು. ಅದೇ ಬೀದಿಯ ಬಿಯರ್ ತಯಾರಿಕಾ ಘಟಕದ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಿರಲಿಲ್ಲ. ನಕ್ಷೆ ಎಲ್ಲಿ ಎಂಬುದನ್ನು ತೋರಿಸಿತು, ಯಾಕೆ ಎಂಬುದನ್ನು ಮಾತೇ ಹೇಳಬೇಕಾಯಿತು. ತರಗತಿಯ ಚರ್ಚೆಯಲ್ಲಿ ನಮಗೆ ಬೇಕಾದದ್ದು ಆ ಯಾಕೆ.

ಕಲಿಕೆಯ ಮೇಲಿನ ಸಂಶೋಧನೆಯೂ ಇದೇ ದಿಕ್ಕಿನಲ್ಲಿದೆ. ಬರೀ ಮಾತಿಗಿಂತ ಮಾತು ಮತ್ತು ಚಿತ್ರ ಎರಡೂ ಸೇರಿದಾಗ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ತೋರಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಮುಖ್ಯರು. ಆದರೆ ಅವರೇ ಶಾನನ್ ಹಾರ್ಪ್ ಜೊತೆಗೂಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಗ್ಗುಲನ್ನೂ ತೋರಿಸಿತು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಪಾಠಕ್ಕೆ ಕುತೂಹಲದ, ಆದರೆ ವಿಷಯಕ್ಕೆ ಸಂಬಂಧವಿಲ್ಲದ ಸಂಗತಿಗಳನ್ನೂ ಚಿತ್ರಗಳನ್ನೂ ಸೇರಿಸಿದಾಗ ಓದುಗರಿಗೆ ನೆನಪಿನಲ್ಲಿ ಉಳಿದದ್ದು ಕಡಿಮೆ. ಚಿತ್ರ ಯಾಕೆ ಹಾಕಿದೆ ಎಂದು ಬರೆಯಲು ಕೂತಾಗ ಕಾರಣ ಸಿಗದಿದ್ದರೆ, ಅಂಥ ಚಿತ್ರವನ್ನು ಹಾಕುವುದೇ ಬೇಡ.

ಇನ್ನು ನಾವು ಕಣ್ಣೆತ್ತಿಯೂ ನೋಡದ ಒಂದು ಅನ್ಯಾಯವಿದೆ. ತರಗತಿಯ ಅದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೂ ಇರಬಹುದು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಇವು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿಹೇಳುತ್ತವೆ. ಆದರೆ ಅಕ್ಷರ ಅಕ್ಷರವಾಗಿದ್ದರೆ ಮಾತ್ರ. ನಾವು ಮಾಡುತ್ತಿರುವುದೇನು? ಟೈಪು ಮಾಡಿದ ನೋಟ್ಸನ್ನೂ ಫೋಟೊ ತೆಗೆದೇ ಕಳಿಸುತ್ತೇವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಇನ್ನೊಂದು ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದ ಕಾಲದಲ್ಲಿ ಅಕ್ಷರವನ್ನು ಚಿತ್ರ ಮಾಡಿ ಕಳಿಸುವುದಕ್ಕೆ ಕಾರಣವಿತ್ತು. ಯೂನಿಕೋಡ್ ಕನ್ನಡ ಪ್ರತಿ ಫೋನಿಗೂ ಬಂದ ಮೇಲೆ ಆ ಕಾರಣ ಉಳಿದಿಲ್ಲ, ರೂಢಿ ಉಳಿದಿದೆ. ಚಿತ್ರವಾಗಿ ಹೋದ ಕನ್ನಡವನ್ನು ಮುಂದಿನ ತಿಂಗಳು ಹುಡುಕಿದರೆ ಸಿಗುವುದಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಕಣ್ಣು ಕಾಣದವರಿಗಂತೂ ಎಷ್ಟೋ ಸಲ ‘ಇಮೇಜ್’ ಎಂಬ ಒಂದು ಪದ ಮಾತ್ರ ಕೇಳಿಸುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಎಲ್ಲರನ್ನೂ ಒಳಗೊಂಡ ಶಿಕ್ಷಣವನ್ನು ಶಾಲೆಗಳ ಕರ್ತವ್ಯವೆಂದು ಹೇಳುತ್ತದೆ. ಆ ಕರ್ತವ್ಯ ಇಳಿಜಾರು ದಾರಿ ಕಟ್ಟಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ.

ಚಿತ್ರವನ್ನು ವಿವರಿಸುವ ಕೆಲಸವನ್ನು ಈಗ ಕೃತಕ ಬುದ್ಧಿಮತ್ತೆಯೇ ಮಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾಡುತ್ತದೆ, ಕಣ್ಣು ಕಾಣದವರಿಗೆ ಅದರಿಂದ ಉಪಕಾರವೂ ಆಗಿದೆ. ಚಿತ್ರದಲ್ಲಿ ಮರವಿದೆ, ಬೇರಿದೆ ಎಂದು ಯಂತ್ರ ಹೇಳೀತು. ಆ ವಿದ್ಯಾರ್ಥಿ ಆ ಚಿತ್ರದಿಂದ ಏನು ಸಾಧಿಸಲು ಹೊರಟಿದ್ದ ಎಂಬುದನ್ನು ಅದು ಹೇಗೆ ಹೇಳೀತು? ಇನ್ನು, ಗಣಿತದ ಲೆಕ್ಕವನ್ನು ಮೊಬೈಲಿನಲ್ಲಿ ಟೈಪು ಮಾಡುವುದು ಕಷ್ಟ ಎಂಬ ಇನ್ನೊಂದು ಆಕ್ಷೇಪ ನಿಜವೇ. ಕೈಬರಹದ ಫೋಟೊವನ್ನೇ ಕಳಿಸಲಿ. ‘ಮೂರನೇ ಹಂತದಲ್ಲಿ ಚಿಹ್ನೆ ಯಾಕೆ ಬದಲಾಯಿತು ಗೊತ್ತಾಗಲಿಲ್ಲ’ ಎಂಬ ಒಂದು ಸಾಲು ಜೊತೆಗಿದ್ದರೆ ಉತ್ತರ ಹೇಳುವವರಿಗೂ ದಾರಿ ಸಿಗುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆಯದು. ಬರೆಯಲು ಹಿಂಜರಿಯುವ ಮಕ್ಕಳಿಗೆ ಚಿತ್ರವೇ ಬಾಯಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಗು ಹೊಲದ ಕಾಲುವೆಯ ಚಿತ್ರ ಬಿಡಿಸಿ ಮೊದಲ ಸಲ ಚರ್ಚೆಗೆ ಇಳಿದಾಗ, ವಾಕ್ಯ ಎಲ್ಲಿ ಎಂದು ಗದರಿದರೆ ಅದು ಮತ್ತೆ ಮೌನಕ್ಕೆ ಸರಿಯುತ್ತದೆ. ಈ ಭಯ ನನಗೂ ಇದೆ. ಹಾಗಾಗಿ ಆ ಎರಡು ವಾಕ್ಯಕ್ಕೆ ಅಂಕ ಇರಬಾರದು, ವ್ಯಾಕರಣದ ತಪ್ಪು ಎಣಿಸಬಾರದು. ಮನೆಮಾತಿನಲ್ಲಿ ಹೇಳಿದರೂ ನಡೆಯಬೇಕು, ಧ್ವನಿ ಸಂದೇಶವಾದರೂ ಸರಿ. ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿಸುವ ಸೌಲಭ್ಯವೂ ಫೋನಿನ ಕೀಲಿಮಣೆಯಲ್ಲೇ ಇದೆ. ಆದರೆ ಮಗುವಿಗೆ ಹೇಳುವ ಮೊದಲು ದೊಡ್ಡವರು ಮಾಡಿ ತೋರಿಸಬೇಕು. ಮೇಷ್ಟ್ರು ಹಾಕುವ ಪ್ರತಿ ಚಿತ್ರದ ಕೆಳಗೆ ಮೊದಲು ಅವರದೇ ಎರಡು ವಾಕ್ಯ ಬರಲಿ. ಶಿಕ್ಷಣ ಇಲಾಖೆಯೂ ತನ್ನ ಸುತ್ತೋಲೆಯನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಪುಟವಾಗಿ ಕಳಿಸುವುದನ್ನು ಬಿಟ್ಟು ಓದಲು, ಹುಡುಕಲು, ಕೇಳಿಸಿಕೊಳ್ಳಲು ಬರುವ ಯೂನಿಕೋಡ್ ಅಕ್ಷರದಲ್ಲಿ ಕಳಿಸಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಈ ಶೈಕ್ಷಣಿಕ ವರ್ಷದಲ್ಲೇ ಶುರು ಮಾಡಬಹುದು.