ಹಲ್ಲು ಕೀಳಿಸಿಕೊಂಡವರ ಊಟ

ಹಲ್ಲುನೋವಿನಂತೆ ಮನುಷ್ಯನನ್ನು ಹಣ್ಣುಮಾಡುವ ನೋವು ಬೇರೊಂದಿಲ್ಲವೆಂದು ಅನುಭವಿಸಿದವರೆಲ್ಲರೂ ಹೇಳುವರು. ಆದರೆ ಹಲ್ಲನ್ನು ಕೀಳಿಸುವಾಗಿನ ನೋವಿಗೆ ಹಿಂದಿನವರಂತೆ ನಾವು ಅಂಜಬೇಕಾಗಿಲ್ಲ. 1943ರಲ್ಲಿ ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞ ನಿಲ್ಸ್ ಲೋಫ್‌ಗ್ರೆನ್ ಎಂಬವರು ಸಿದ್ಧಪಡಿಸಿದ ಲಿಡೋಕೇನ್ ಎಂಬ ಮರಗಟ್ಟಿಸುವ ಮದ್ದು ಇಂದು ಊರೂರಿನ ದಂತವೈದ್ಯರಲ್ಲಿಯೂ ಉಂಟು. ವೈದ್ಯರ ಕೆಲಸ ಹೆಚ್ಚೆಂದರೆ ಒಂದು ಗಂಟೆಯದು. ಆಮೇಲಿನ ಒಂದು ವಾರದ ಕೆಲಸ ಮನೆಯವರದು. ಆ ವಾರದ ಅಡುಗೆಯ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯುತ್ತೇವೆ. ಹೀಗೆ ಬರೆಯುವುದಕ್ಕೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ಕಾರಣವಾಗಿದೆ.

ನಮ್ಮ ಅತ್ತಿಗೆಯವರಿಗೆ ವಯಸ್ಸು ಅರುವತ್ತರ ಹತ್ತಿರ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯುಂಟು. ಒಂದು ದಿನ ಬೆಳಗ್ಗೆ ಎಂದಿನಂತೆ ಮಾತ್ರೆಯನ್ನು ನುಂಗಿ, ಎರಡು ಇಡ್ಲಿ ತಿಂದು, ಕೆಳದವಡೆಯ ಹಲ್ಲೊಂದನ್ನು ಕೀಳಿಸಿಕೊಂಡು ಬಂದರು. ಬಿಸಿ ಬೇಡ, ಖಾರ ಬೇಡ, ಗಟ್ಟಿ ಪದಾರ್ಥ ಬೇಡ ಎಂದು ಮನೆಯವರೆಲ್ಲರೂ ಹೇಳಿದ್ದೇ ಹೇಳಿದ್ದು. ಏನು ಬೇಕೆಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಮಧ್ಯಾಹ್ನ ಅವರು ಒಂದು ಲೋಟ ನೀರುಮಜ್ಜಿಗೆಯನ್ನು ಕುಡಿದು ಮಲಗಿದರು. ಗಂಜಿ ಮಾಡಿಕೊಡೋಣವೇ ಎಂದು ಯಾರೋ ಬಾಯಿಮಾತಿಗೆ ಅಂದಾಗ, “ನನಗೊಬ್ಬಳಿಗಾಗಿ ಬೇರೆ ಒಲೆ ಹಚ್ಚುವುದೇಕೆ?” ಎಂದುಬಿಟ್ಟರು. ಆ ಮಾತನ್ನು ನಾವೂ ಒಪ್ಪಿಕೊಂಡೆವು. ಸಂಜೆ ಐದು ಗಂಟೆಗೆ ನೋಡಿದರೆ ಅವರ ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಮನೆಯಲ್ಲಿದ್ದ ಯಂತ್ರದಿಂದ ಪರೀಕ್ಷಿಸಲು ರಕ್ತದ ಸಕ್ಕರೆಯು 54ಕ್ಕೆ ಇಳಿದಿದ್ದಿತು. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆಯಾದ ಮೇಲೆ ಮತ್ತೆ ಪರೀಕ್ಷಿಸಿದೆವು. ದೇವರ ದಯೆಯಿಂದ ಚೇತರಿಸಿಕೊಂಡರು. ಆ ಕಾಲು ಗಂಟೆಯಲ್ಲಿ ನಮಗಾದ ನಾಚಿಕೆಯನ್ನು ಇಲ್ಲಿ ಬರೆಯಲಾರೆವು. ಮೂವತ್ತು ವರ್ಷ ಮನೆಮಂದಿಗೆಲ್ಲ ಬೇಯಿಸಿ ಹಾಕಿದವರು ಹಸಿದು ಮಲಗಿದ್ದರು. ಮನೆಯ ತುಂಬ ಜನರಿದ್ದೆವು.

ಆದುದರಿಂದ ಮೊದಲು ಹೇಳತಕ್ಕದ್ದೇನೆಂದರೆ, ಮೆತ್ತನೆಯ ಊಟವೆಂದರೆ ಉಪವಾಸವಲ್ಲ. ಗಾಯ ಮಾಯುವುದಕ್ಕೆ ಎಂದಿಗಿಂತಲೂ ಹೆಚ್ಚಿನ ಪುಷ್ಟಿ ಬೇಕು. ಬರಿಯ ಗಂಜಿತಿಳಿಯಿಂದಲೂ ನೀರುಮಜ್ಜಿಗೆಯಿಂದಲೂ ಅದು ದೊರೆಯುವುದಿಲ್ಲ.

ಇನ್ನು ಪಥ್ಯವೇಕೆಂಬುದನ್ನು ತಿಳಿಯೋಣ. ಹಲ್ಲು ಹೋದ ಗುಳಿಯಲ್ಲಿ ರಕ್ತವು ನಿಂತು ಹೆಪ್ಪುಗಟ್ಟುವುದು. ಆ ಹೆಪ್ಪೇ ಒಳಗಿನ ಎಲುಬಿಗೂ ನರಕ್ಕೂ ಹೊದಿಕೆ. ಅದರ ಮೇಲೆಯೇ ಹೊಸ ಮಾಂಸವು ಬೆಳೆಯತಕ್ಕದ್ದು. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದೆಂಬುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಯಿಯ ಹೆಪ್ಪಿನ ವಿಷಯವೂ ಹಾಗೆಯೇ. ಅದು ಕದಲಿ ಹೋದರೆ ಎಲುಬು ಬರಿದಾಗಿ, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕಿವಿಯವರೆಗೂ ಹಬ್ಬುವ ಘೋರವಾದ ನೋವು ಹುಟ್ಟುವುದು. ಬಾಯಿ ದುರ್ವಾಸನೆ ಬರುವುದು. ಇದನ್ನು ವೈದ್ಯರು ಡ್ರೈ ಸಾಕೆಟ್ ಎನ್ನುವರು. ಹೊಗೆಬತ್ತಿ ಸೇದುವವರಲ್ಲಿ ಇದು ಹೆಚ್ಚು.

ಹೆಪ್ಪನ್ನು ಕದಲಿಸುವ ಮುಖ್ಯ ಕಾರಣಗಳಲ್ಲಿ ಹೀರುವುದು ಒಂದು. ಎಳನೀರು ಒಳ್ಳೆಯದು, ಆದರೆ ಅದನ್ನು ಸ್ಟ್ರಾ ಎಂಬ ಕೊಳವೆಯಿಂದ ಹೀರಕೂಡದು, ಲೋಟಕ್ಕೆ ಬಗ್ಗಿಸಿ ಕುಡಿಯಬೇಕು. ಮೇಲಿಂದ ಮೇಲೆ ಉಗುಳುವುದೂ ಮೊದಲ ದಿನ ಬಾಯಿ ಮುಕ್ಕಳಿಸುವುದೂ ಅಷ್ಟೇ ಕೆಟ್ಟದ್ದು. ಒಂದು ದಿನ ಕಳೆದ ಮೇಲೆ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರಸಿ, ಪ್ರತಿ ಊಟವಾದ ಮೇಲೂ ಮೆಲ್ಲಗೆ ಬಾಯಾಡಿಸಿ ಚೆಲ್ಲಬಹುದು. ಅರಿಸಿನ, ಲವಂಗ ಮೊದಲಾದವನ್ನು ಗುಳಿಯೊಳಕ್ಕೆ ತುರುಕುವ ವಾಡಿಕೆ ಕೆಲವು ಮನೆಗಳಲ್ಲುಂಟು, ಅದು ಕೂಡದು.

ಮೊದಲ ದಿನದ ಊಟವು ತಣ್ಣಗೆ ಇರಬೇಕು. ಮದ್ದಿನ ಜೋಮು ಇಳಿಯುವುದಕ್ಕೆ ಎರಡು ಮೂರು ಗಂಟೆ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ಹಿಡಿಯುವುದು. ಅದಕ್ಕೆ ಮೊದಲು ತಿಂದರೆ ತುಟಿಯನ್ನೂ ಕೆನ್ನೆಯನ್ನೂ ತಿಳಿಯದೆಯೇ ಕಚ್ಚಿಕೊಳ್ಳುವುದುಂಟು. ಮಕ್ಕಳ ವಿಷಯದಲ್ಲಿ ಇದನ್ನು ಹೆಚ್ಚಾಗಿ ಗಮನಿಸಬೇಕು. ಜೋಮು ಇಳಿದ ಮೇಲೆ ಆರಿದ ಹಾಲು, ಗಟ್ಟಿ ಮಜ್ಜಿಗೆ, ಹುಳಿಯಿಲ್ಲದ ಮೊಸರು, ಕಿವುಚಿದ ಬಾಳೆಹಣ್ಣು, ರಾಗಿಯ ಅಂಬಲಿ ಇವುಗಳನ್ನು ಕೊಡಬಹುದು. ಗೋಡಂಬಿ, ಬಾದಾಮಿಯ ಚೂರುಗಳಿಲ್ಲದ ಐಸ್‌ಕ್ರೀಮಿಗೂ ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅದು ಸಲ್ಲದು. ಕಾಫಿಯಿಲ್ಲದೆ ತಲೆ ಸಿಡಿಯುವವರು ಅದನ್ನು ಪೂರ್ತಿ ಆರಿಸಿ ಕುಡಿಯಲಿ.

ಅಂಬಲಿಯನ್ನು ಹೀಗೆ ಮಾಡುವುದು. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದೂವರೆ ಲೋಟ ಕುದಿಯುವ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ತಿರುವುತ್ತಾ ಬೇಯಿಸಬೇಕು. ಪೂರ್ತಿ ಆರಿದ ಮೇಲೆ ಉಪ್ಪನ್ನೂ ಗಟ್ಟಿ ಮಜ್ಜಿಗೆಯನ್ನೂ ಬೆರಸತಕ್ಕದ್ದು. ಈರುಳ್ಳಿ, ಹಸಿಮೆಣಸಿನಕಾಯಿ ಬೇಡ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚಿನ ಸುಣ್ಣದ ಅಂಶವಿರುವುದರಿಂದ ಇದು ಬಡವರಿಗೂ ಬಲ್ಲಿದರಿಗೂ ಒಪ್ಪುವ ಆಹಾರ.

ಎರಡನೆಯ, ಮೂರನೆಯ ದಿನಗಳಲ್ಲಿ ಊತವು ಹೆಚ್ಚಿ, ಬಾಯಿ ತೆರೆಯುವುದು ಕಷ್ಟವಾಗುವುದುಂಟು. ಇದಕ್ಕಾಗಿ ಗಾಬರಿ ಬೇಡ. ಆಗ ಹೆಸರುಬೇಳೆಯ ಗಂಜಿಯಷ್ಟು ಹಿತವಾದುದು ಬೇರಿಲ್ಲ. ಒಂದು ಹಿಡಿ ಅಕ್ಕಿ, ಒಂದು ಹಿಡಿ ಹೆಸರುಬೇಳೆಗೆ ಆರರಷ್ಟು ನೀರು, ಚಿಟಿಕೆ ಅರಿಸಿನ, ಚೂರು ಇಂಗು ಹಾಕಿ, ಕುಕ್ಕರಿನಲ್ಲಿ ಆರು ಸಲ ಕೂಗಿಸಿ, ಕಡೆಗೋಲಿನಿಂದ ಮಥಿಸಿ, ಉಪ್ಪು ತುಪ್ಪ ಬೆರಸಿ ಉಗುರುಬೆಚ್ಚಗೆ ಕೊಡುವುದು. ಹೆಸರುಬೇಳೆಯ ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಂ ಸಸಾರಜನಕವುಂಟು. ಅಕ್ಕಿಯಲ್ಲಿ ಅದರ ಮೂರರಲ್ಲೊಂದು ಪಾಲು ಮಾತ್ರ. ಗಾಯವನ್ನು ಕೂಡಿಸುವುದು ಈ ಸಸಾರಜನಕವೇ. ಬರಿ ಅಕ್ಕಿಗಂಜಿಯಲ್ಲಿ ದಿನ ಕಳೆಯಬೇಡಿರೆಂದು ನಾವು ಹೇಳುವುದು ಇದಕ್ಕಾಗಿ. ಮೊಟ್ಟೆ ತಿನ್ನುವವರು ಹಾಲಿನೊಡನೆ ಕಲಕಿ ಮೆತ್ತಗೆ ಬೇಯಿಸಿದ ಮೊಟ್ಟೆಯನ್ನೂ, ಮಾಂಸ ತಿನ್ನುವವರು ಖಾರವಿಲ್ಲದೆ ಸೋಸಿದ ಮಾಂಸದ ಸಾರನ್ನೂ ಕೊಡಬಹುದು.

ಮೊಸರನ್ನವನ್ನು ಕಿವುಚಿ ಕಲಸಿರಿ. ಆದರೆ ಒಗ್ಗರಣೆ ಹಾಕಬೇಡಿರಿ. ಸಾಸಿವೆ, ಜೀರಿಗೆ, ಎಳ್ಳು, ಕಡಲೆಬೇಳೆ ಇವು ಗುಳಿಯನ್ನು ಹೊಕ್ಕರೆ ಹೊರಡುವುದು ಕಷ್ಟ. ಟೊಮೇಟೊ, ಸೀಬೆಹಣ್ಣಿನ ಬೀಜಗಳೂ ಹಾಗೆಯೇ. ಪೊಂಗಲಿಗೆ ಮೆಣಸಿನ ಕಾಳು ಬೇಡ.

ನಾಲ್ಕನೆಯ ದಿನದಿಂದ ನೋವು ತಗ್ಗಿದಂತೆಲ್ಲಾ ಬೇಳೆಕಟ್ಟಿನಲ್ಲಿ ನೆನೆದ ಇಡ್ಲಿ, ತೊವ್ವೆ ಅನ್ನ, ಬೇಯಿಸಿ ಹಿಸುಕಿದ ಸಿಹಿಗುಂಬಳ, ಶಾವಿಗೆಯ ಪಾಯಸ ಇವುಗಳನ್ನು ಇನ್ನೊಂದು ಕಡೆಯ ದವಡೆಯಿಂದ ತಿನ್ನಬಹುದು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಮೈಸೂರು ಸೀಮೆಯ ಪದ್ಧತಿ. ಹಲ್ಲಿಗೆ ಕೆಲಸವಿಲ್ಲದ ಈ ಊಟವು ಇಂಥ ವೇಳೆಗೆ ಬಹಳ ಅನುಕೂಲ. ಮೆತ್ತಗೆ ತೊಳಸಿ, ಆರಿಸಿ, ಚಿಕ್ಕ ಚಿಕ್ಕ ತುತ್ತು ಮಾಡಿ, ಖಾರವಿಲ್ಲದ ಸಾರಿನಲ್ಲಿ ಅದ್ದಿ ನುಂಗಲಿ. ಚಕ್ಕುಲಿ, ನಿಪ್ಪಟ್ಟು, ಹುರಿಗಡಲೆ, ಮಂಡಕ್ಕಿಗಳು ಎರಡು ವಾರ ಡಬ್ಬದಲ್ಲಿಯೇ ಇರಲಿ. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರಿಗೆ ಆ ಎರಡು ವಾರಗಳು ಅದನ್ನು ಬಿಟ್ಟೇಬಿಡುವುದಕ್ಕೆ ಒಳ್ಳೆಯ ಅವಕಾಶ.

ಔಷಧದ ವಿಷಯವಾಗಿಯೂ ಎರಡು ಮಾತು. ನೋವಿನ ಮಾತ್ರೆಗಳಲ್ಲಿ ಹಲವನ್ನು ಬರಿ ಹೊಟ್ಟೆಯಲ್ಲಿ ನುಂಗಕೂಡದು. ಮೊದಲು ಒಂದು ಬಟ್ಟಲು ಗಂಜಿ, ಆಮೇಲೆ ಮಾತ್ರೆ. ಇನ್ಸುಲಿನ್ನೂ ಸಕ್ಕರೆಯನ್ನಿಳಿಸುವ ಕೆಲವು ಮಾತ್ರೆಗಳೂ ಊಟವನ್ನು ನಂಬಿ ಕೆಲಸಮಾಡತಕ್ಕವು. ಊಟ ತಪ್ಪಿದರೆ ಅವೇ ಅಪಾಯಕ್ಕೆ ದಾರಿ. ಹಲ್ಲು ಕೀಳಿಸುವುದಕ್ಕೆ ಮೊದಲೇ ವೈದ್ಯರನ್ನು ಕೇಳಿ ಆ ದಿನದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಕೂಡದು.

ಹತ್ತಿಬಟ್ಟೆಯನ್ನು ಕಚ್ಚಿ ಅದುಮಿದರೂ ರಕ್ತ ನಿಲ್ಲದಿದ್ದರೆ, ಮೂರನೆಯ ದಿನದಿಂದ ನೋವು ಇಳಿಯುವುದಕ್ಕೆ ಬದಲು ಏರಿದರೆ, ಜ್ವರ ಬಂದರೆ, ಊತ ಹೆಚ್ಚುತ್ತಲೇ ಹೋದರೆ ವೈದ್ಯರಲ್ಲಿಗೆ ಹೋಗಬೇಕು. ನುಂಗುವುದಕ್ಕೋ ಉಸಿರಾಡುವುದಕ್ಕೋ ಕಷ್ಟವಾದರಂತೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಕೊನೆಯದಾಗಿ ಮನೆಯ ಗಂಡಸರಿಗೊಂದು ಬಿನ್ನಹ. ಗಂಡಸರ ಅಥವಾ ಮಕ್ಕಳ ಹಲ್ಲು ಹೋದರೆ ಗಂಜಿ ತಾನಾಗಿಯೇ ಬರುವುದು, ಮಾಡುವವರು ಒಳಗಿರುತ್ತಾರೆ. ಮಾಡುವವರ ಹಲ್ಲೇ ಹೋದಾಗ ಮನೆಯಲ್ಲಿ ಯಾರಿಗೂ ಏನೂ ತೋಚುವುದಿಲ್ಲ. ಅವರು ಬೇಡವೆಂದೇ ಹೇಳುವರು. ಆ ಮಾತನ್ನು ನಂಬಬೇಡಿರಿ. ಹಿಂದಿನ ರಾತ್ರಿಯೇ ರಾಗಿಹಿಟ್ಟು, ಹೆಸರುಬೇಳೆ, ಹಾಲು, ಮೊಸರು ಮನೆಯಲ್ಲಿವೆಯೇ ಎಂದು ನೋಡಿಡಿರಿ. ಎರಡೆರಡು ಗಂಟೆಗೊಮ್ಮೆ ಒಂದೊಂದು ಬಟ್ಟಲು ಕೊಡುವ ಹೊಣೆಯನ್ನು ಒಬ್ಬರು ಹೊತ್ತುಕೊಳ್ಳಿರಿ. ನಮ್ಮ ಅತ್ತಿಗೆಯವರಿಗೆ ಮಾರನೆಯ ದಿನದಿಂದ ಅಂಬಲಿ ಕಾಸಿದವರು ನಮ್ಮ ಅಣ್ಣನವರು. ಮೊದಲ ದಿನದ್ದು ಗಂಟು ಗಂಟಾಗಿತ್ತು. ಅತ್ತಿಗೆಯವರು ಅದನ್ನು ಸೋಸಿ ಕುಡಿದರು. ಮೂರನೆಯ ದಿನದ ವೇಳೆಗೆ ಸೋಸಬೇಕಾಗಿರಲಿಲ್ಲ.