ಬಾಗಿಲ ಪಕ್ಕದ ಜಾಗ

ಆಟಿಸಂ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಮಾತು ಬಾರದ ಚಿಕ್ಕ ಮಗು. ಆ ಮಗು ಬೆಳೆಯುತ್ತದೆ, ಮೂವತ್ತು ದಾಟುತ್ತದೆ, ಕಾಯಕ ಮಾಡುತ್ತದೆ, ನಿಮ್ಮ ಪಕ್ಕದಲ್ಲೇ ಪಂಕ್ತಿಗೆ ಕೂರುತ್ತದೆ ಎಂಬುದು ಯಾರ ಎಣಿಕೆಗೂ ಬರುವುದಿಲ್ಲ. ನಾನು ಅಂಥವರಲ್ಲೊಬ್ಬ. ಹಾವೇರಿ ಕಡೆಯವನು, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವೈದ್ಯರು ನನ್ನ ಸ್ಥಿತಿಗೆ ಆಟಿಸಂ ಎಂಬ ಹೆಸರು ಕೊಟ್ಟಿದ್ದು 29ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಊರು ಕೊಟ್ಟಿದ್ದ ಹೆಸರು 'ಸೊಕ್ಕಿನವ'.

ಆಟಿಸಂ ಎಂದರೆ ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿ ಬೇರೆಯಾಗಿರುವುದು. ಕೆಲವರಿಗೆ ದಿನವಿಡೀ ಆಸರೆ ಬೇಕು, ನನ್ನಂಥವರಿಗೆ ಅಷ್ಟು ಬೇಡ. ಆದರೆ ನಮ್ಮಲ್ಲಿ ಬಹಳ ಜನಕ್ಕೆ ಶಬ್ದ, ಬೆಳಕು, ವಾಸನೆ, ಸ್ಪರ್ಶ ಅತಿಯಾಗಿ ತಾಗುತ್ತವೆ, ಇಲ್ಲವೇ ತಾಗುವುದೇ ಇಲ್ಲ. ಸಭಾಭವನದಲ್ಲಿ ನಿಮಗೆ ಪ್ರವಚನ ಮುಂದೆ, ಫ್ಯಾನಿನ ಸದ್ದು ಹಿಂದೆ. ನನಗೆ ಫ್ಯಾನು, ಹಿಂದಿನ ಸಾಲಿನ ಮೊಬೈಲು, ಅಡುಗೆಮನೆಯಲ್ಲಿ ಬೀಳುವ ಸ್ಟೀಲ್ ತಟ್ಟೆ, ಪ್ರವಚನ ಎಲ್ಲವೂ ಒಂದೇ ಎತ್ತರದಲ್ಲಿ ಬರುತ್ತವೆ. ಮೈಕ್ ಕುಂಯ್ ಎಂದರೆ ಹಲ್ಲಿನ ಬುಡದವರೆಗೂ ನೋವು.

ನಾನು ಕಂಡುಕೊಂಡ ದಾರಿಗಳು ಸಣ್ಣವು. ಸ್ಪೀಕರಿನಿಂದ ದೂರ, ಬಾಗಿಲ ಪಕ್ಕ ಕೂರುತ್ತೇನೆ. ಕಿವಿಯಲ್ಲಿ ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಬಿರಡೆ. ಮಾತು ಕೇಳುತ್ತದೆ, ಚುಚ್ಚುವುದು ಕಡಿಮೆ. ಜೇಬಿನಲ್ಲೊಂದು ಹುಣಸೆ ಬೀಜ, ಅದನ್ನು ಬೆರಳಲ್ಲಿ ತಿರುಗಿಸುತ್ತಿದ್ದರೆ ಮನಸ್ಸು ಒಂದೆಡೆ ನಿಲ್ಲುತ್ತದೆ. ಹೊಸ ಅಂಗಿಯನ್ನು ಎರಡು ಸಲ ಒಗೆದು, ಕೊರಳ ಪಟ್ಟಿಯ ಲೇಬಲ್ ಕತ್ತರಿಸಿಯೇ ತೊಡುವುದು. ಗಂಟೆಗೊಮ್ಮೆ ಹೊರಗೆದ್ದು ಹೋಗಿ ಬೇವಿನ ಮರದ ಕೆಳಗೆ ಹತ್ತು ನಿಮಿಷ. ತಲೆ ತುಂಬಿ ತುಳುಕಿದ ಮೇಲೆ ಎದ್ದು ಫಲವಿಲ್ಲ, ಅದಕ್ಕೂ ಮುಂಚೆ ಏಳಬೇಕು. ಮದುವೆಗೆ ಹೋದ ಮಾರನೇ ದಿನ ಬೇರೇನೂ ಕೆಲಸ ಇಟ್ಟುಕೊಳ್ಳುವುದಿಲ್ಲ.

ಜನರೊಡನೆ ಬೆರೆಯುವುದು ಇದಕ್ಕಿಂತ ಕಷ್ಟ. ಹೊರಟವರು 'ಬರ್ತೀನ್ರಿ' ಎನ್ನುತ್ತಾರೆ; ಚಿಕ್ಕವನಿದ್ದಾಗ ಅವರು ಬರುತ್ತಾರೆಂದು ಕಟ್ಟೆಯ ಮೇಲೆ ಕಾಯುತ್ತಿದ್ದೆ. 'ಊಟ ಆತೇನ್ರಿ?' ಎಂದರೆ ಏನು ಉಣ್ಣಲಾಯಿತು ಎಂದು ವರದಿ ಒಪ್ಪಿಸಬೇಕಿಲ್ಲ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೇನೆ. ಕಣ್ಣಲ್ಲಿ ಕಣ್ಣಿಟ್ಟರೆ ನನಗೆ ಮಾತು ಒಳಗಿಳಿಯುವುದಿಲ್ಲ, ಹಾಗಾಗಿ ಎದುರಿನವರ ಹಣೆಯ ವಿಭೂತಿ ನೋಡುತ್ತೇನೆ. 'ಸುತ್ತಿ ಬಳಸಿ ಹೇಳಿದ್ರ ನನಗ ತಿಳಿಯೂದಿಲ್ರಿ, ಬಿಡಿಸಿ ಹೇಳ್ರಿ' ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಕೇಳಿದ್ದಕ್ಕೆ ಸಿಟ್ಟಾದವರು ಕಡಿಮೆ.

ನನ್ನ ತಕರಾರು ಇರುವುದು ಇವನ್ನೆಲ್ಲ ಕೆಟ್ಟ ಚಟವೆಂದು ಬಿಡಿಸಲು ಹೊರಡುವವರ ಮೇಲೆ. ತೂಗಾಡುವ ಮಗುವನ್ನು ಅದುಮಿ ಕೂರಿಸುತ್ತಾರೆ, ಕಿವಿ ಮುಚ್ಚಿದ ಕೈಗಳನ್ನು ಎಳೆಯುತ್ತಾರೆ, 'ಎಲ್ಲರಿಗೂ ಶರಣು ಮಾಡು' ಎಂದು ಗದ್ದಲದೊಳಗೆ ತಳ್ಳುತ್ತಾರೆ. ಕನ್ನಡಕ ಕಸಿದುಕೊಂಡು ಓದು ಎಂದಂತೆ ಇದು. ಮಗು ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಮಾತು ಬೇರೆ, ಆಗ ಬಲ್ಲವರ ನೆರವು ಬೇಕು. ಮತ್ತೆ ಪೂರ್ವಜನ್ಮದ ಕರ್ಮ, ಗ್ರಹದೋಷ ಎಂದು ತಾಯತ ಕಟ್ಟಿಸುವವರು ಶರಣರ ಹೆಸರು ಹೇಳುವುದನ್ನಾದರೂ ನಿಲ್ಲಿಸಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಆದರೆ ಮಠಗಳಲ್ಲಿ ಆಗಬೇಕಾದ ಕೆಲಸಕ್ಕೆ ಕಾಯ್ದೆಯೇ ಬೇಕಿಲ್ಲ. ಆಮಂತ್ರಣದಲ್ಲಿ 10 ಗಂಟೆ ಎಂದು ಅಚ್ಚಾದದ್ದು 10ಕ್ಕೇ ಶುರುವಾಗಲಿ. ಮುಂದೇನು ಎಂಬುದು ತಿಳಿದಿದ್ದರೆ ನಮಗೆ ಅರ್ಧ ಭಾರ ಇಳಿಯುತ್ತದೆ (ಉಳಿದವರಿಗೂ ನಷ್ಟವಿಲ್ಲ). ದಾಸೋಹದಲ್ಲಿ ಗದ್ದಲಕ್ಕೆ ಮುಂಚೆ ಉಂಡು ಹೋಗಲು ಹತ್ತು ಜನಕ್ಕೆ ಅವಕಾಶವಿರಲಿ. ಬಡಿಸುವವರು ಬೇಡ ಎಂದರೆ ಬೇಡವೆಂದೇ ತಿಳಿಯಲಿ. ಸ್ಪೀಕರ್ ಇಲ್ಲದ, ಮಂದ ಬೆಳಕಿನ ಒಂದು ಕೋಣೆ, ಅದರಲ್ಲೊಂದು ಚಾಪೆ ಇದ್ದರೆ ಎಷ್ಟೋ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಅರ್ಧಕ್ಕೇ ಮನೆಗೆ ಓಡಬೇಕಾಗುವುದಿಲ್ಲ.

ನಮ್ಮೂರಿನಲ್ಲಿ ಈ ಕೋಣೆಯ ವಿಷಯವನ್ನು ಸಮಿತಿಯ ಮುಂದಿಟ್ಟಿದ್ದೇನೆ. ಎಲ್ಲರೂ ಒಪ್ಪಿದ್ದಾರೆ. ಸದ್ಯ ಕೀಲಿ ಯಾರ ಹತ್ತಿರ ಇರಬೇಕು ಎಂಬ ಚರ್ಚೆ ನಡೆದಿದೆ.