ಸುಮ್ಮನಿದ್ದಳು ಎಂದರೆ ಒಪ್ಪಿದಳು ಎಂದಲ್ಲ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಲೇಜುಗಳಿಗೆ ಈ ವರ್ಷ ಮಕ್ಕಳನ್ನು ಸೇರಿಸಿರುವ ತಂದೆತಾಯಿಯರಲ್ಲಿ, ಪಾಠ ಮಾಡುವವರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ಒಂದು ಮನವಿ



ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಾಲೇಜುಗಳಲ್ಲಿ ಅಡ್ಮಿಷನ್ನಿನ ಗಡಿಬಿಡಿ. ಕಳಸದ ಕಡೆಯ ಹುಡುಗಿ ಬೆಳಗಿನ ಬಸ್ಸು ಹತ್ತಿ ಕೊಟ್ಟಿಗೆಹಾರ, ಬಣಕಲ್ ದಾಟಿ ಮೂಡಿಗೆರೆಗೆ ಬರುತ್ತಾಳೆ. ಟಿ.ಸಿ., ಅಂಕಪಟ್ಟಿ, ಜಾತಿ-ಆದಾಯ ಸರ್ಟಿಫಿಕೇಟು ಎಲ್ಲ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೊತ್ತಿ ಹಿಡಿದಿರುತ್ತಾಳೆ. ಫೀಸು, ಬಸ್ ಪಾಸು, ಸ್ಕಾಲರ್‌ಶಿಪ್, ಹಾಸ್ಟೆಲ್ ಅರ್ಜಿ ಎಲ್ಲವನ್ನೂ ಮೊದಲ ವಾರದಲ್ಲೇ ಹೇಳಿಕೊಡುತ್ತೇವೆ. ಇನ್ನೊಬ್ಬರ ಮೈ ಮುಟ್ಟುವ ಮುಂಚೆ ಅವರ ಒಪ್ಪಿಗೆ ಬೇಕು, ಒಪ್ಪಿಗೆ ಅಂದರೆ ಇಂಥದ್ದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಈ ಜಿಲ್ಲೆಯಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು. ಒಂದು ಮಳೆಗಾಲದ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿದ್ದ ಕೊಡೆಯಿಂದ ನೀರು ತೊಟ್ಟಿಕ್ಕಿ ಅವನ ಕಾಲ ಬುಡದಲ್ಲಿ ನಿಲ್ಲುತ್ತಿತ್ತು. "ಮೇಡಂ, ಅವಳು ಬೇಡ ಅನ್ನಲೇ ಇಲ್ಲ. ಸುಮ್ಮನೇ ಇದ್ದಳು" ಅಂದ. ಸುಳ್ಳು ಹೇಳುತ್ತಿರಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆ ಎಂದು ಅವನು ನಿಜವಾಗಿಯೂ ನಂಬಿದ್ದ. ಹುಡುಗಿ ಆ ಸೆಮಿಸ್ಟರ್ ಮುಗಿಯುವ ಮೊದಲೇ ಕಾಲೇಜು ಬಿಟ್ಟಳು. ಇಬ್ಬರಿಗೂ ಎರಡು ವರ್ಷ ಪಾಠ ಹೇಳಿದ್ದೆ. ಸಂಧಿ, ಸಮಾಸ, ಅಲಂಕಾರ ಎಲ್ಲ ಹೇಳಿದ್ದೆ. ಇದೊಂದನ್ನು ಹೇಳಿರಲಿಲ್ಲ.

ಆ ಹುಡುಗನಿಗೆ ಅಂಥ ನಂಬಿಕೆ ಎಲ್ಲಿಂದ ಬಂತು? ನಮ್ಮಿಂದಲೇ. 'ಮೌನಂ ಸಮ್ಮತಿ ಲಕ್ಷಣಂ' ಎಂದು ಮಾತುಮಾತಿಗೆ ಅನ್ನುವವರು ನಾವು. ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಟ್ಟು ಹುಡುಗಿ ತಲೆ ತಗ್ಗಿಸಿ ನಿಂತರೆ, ಹಿರಿಯರೊಬ್ಬರು "ಅವಳದ್ದೇನು, ಒಪ್ಪಿದ ಹಾಗೇ" ಅನ್ನುತ್ತಾರೆ. ಹೆದರಿ ಮಾತು ಹೊರಡದೆ ಇರಬಹುದು, ನಾಚಿಕೆ ಇರಬಹುದು, ಮನಸ್ಸು ಬೇರೆ ಕಡೆ ಇರಬಹುದು. ಕೇಳಿದವರು ಯಾರು? ಅದನ್ನು ನೋಡುತ್ತಲೇ ಬೆಳೆದ ಹುಡುಗ ಕಾಲೇಜಿಗೆ ಬಂದಾಗ ಅದೇ ಲೆಕ್ಕ ಹಾಕುತ್ತಾನೆ. ಉಳಿದದ್ದನ್ನು ಸಿನಿಮಾ ಕಲಿಸುತ್ತದೆ: ಬೇಡ ಅಂದವಳ ಬೆನ್ನು ಹತ್ತಿದರೆ ಕೊನೆಯ ರೀಲಿನಲ್ಲಿ ಒಲಿಯುತ್ತಾಳೆ ಎಂದು. ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹಿಂಬಾಲಿಸುವುದು, ಮತ್ತೆಮತ್ತೆ ಸಂಪರ್ಕಿಸಲು ನೋಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಮೊದಲ ಸಲವೇ 3 ವರ್ಷದವರೆಗೆ ಜೈಲಾಗಬಹುದು.

ಕಾನೂನು 'ಮೌನಂ ಸಮ್ಮತಿ' ಎಂಬ ಗಾದೆಯನ್ನು ಯಾವತ್ತೋ ಕೈಬಿಟ್ಟಿದೆ. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು, 2013ರಲ್ಲಿ ದಂಡ ಸಂಹಿತೆಗೆ ತಿದ್ದುಪಡಿ ಬಂದು ಒಪ್ಪಿಗೆ ಎಂದರೇನು ಎಂಬ ವಿವರಣೆ ಸೇರಿತು. 2024ರ ಜುಲೈ 1ರಿಂದ ಅದರ ಬದಲು ಜಾರಿಯಲ್ಲಿರುವ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದೇ ವಿವರಣೆ ಇದೆ. ಒಪ್ಪಿಗೆ ಎಂದರೆ ಹೆಣ್ಣು ಮಾತಿನಿಂದಲೋ, ಸನ್ನೆಯಿಂದಲೋ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ, ತಾನಾಗಿ ತಿಳಿಸಿದ ಸಮ್ಮತಿ. ಮೈಬಲದಿಂದ ತಡೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನುವ ಹಾಗಿಲ್ಲ. ಹದಿನೆಂಟು ತುಂಬದಿದ್ದರೆ 'ಹೂಂ' ಅಂದರೂ ಕಾನೂನಿಗೆ ಅದು ಒಪ್ಪಿಗೆಯೇ ಅಲ್ಲ. ಅಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಪಿಯುಸಿ ಮುಗಿಸಿ ಬಂದವರಲ್ಲಿ ಒಬ್ಬಳಿಗೆ ಹದಿನೇಳೂವರೆ, ಪಕ್ಕದ ಬೆಂಚಿನವನಿಗೆ ಹತ್ತೊಂಬತ್ತು. ಇಬ್ಬರಿಗೂ ಇದು ಗೊತ್ತಿರುವುದಿಲ್ಲ. ಪೋಕ್ಸೊ ಏನು ಹೇಳುತ್ತದೆಂದು ಒಂಬತ್ತನೇ ತರಗತಿಯಿಂದಲೇ ತಿಳಿಸುವ ಪಠ್ಯ ತಯಾರಾಗಬೇಕೆಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲೇ ಸರ್ಕಾರಕ್ಕೆ ಹೇಳಿತು.

ಆದರೆ ಕಾನೂನಷ್ಟೇ ಹೇಳಿದರೆ ನಮ್ಮ ಕಾಫಿ ಸೀಮೆಗೆ ಸಾಲದು. ಇಲ್ಲಿ ಒಂದೇ ಬೆಂಚಿನಲ್ಲಿ ತೋಟದ ಸಾಹುಕಾರರ ಮಗನೂ ಕೂರುತ್ತಾನೆ, ಅದೇ ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೂ ಕೂರುತ್ತಾಳೆ. ಲೈನ್ ಮನೆ ಅವರ ಸ್ವಂತದ್ದಲ್ಲ. ಕೆಲಸ ಹೋದರೆ ಮನೆಯೂ ಹೋಯಿತು. ಅವಳ ಅಜ್ಜಿ ಹಣ್ಣು ಕುಯ್ಯುವ ಕಾಲದಲ್ಲಿ ಮೇಸ್ತ್ರಿಗೆ, ರೈಟರಿಗೆ ಎದುರು ಮಾತಾಡಿದವಳಲ್ಲ. ಅಮ್ಮ "ದೊಡ್ಡವರ ತಂಟೆಗೆ ಹೋಗಬೇಡ" ಎಂದು ಹೇಳಿ ಕಳಿಸಿದವಳು. ಸಂಜೆ ಬಸ್ಸು ತಪ್ಪಿದೆ, ಕತ್ತಲಾಗುತ್ತಿದೆ, ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ತೋಟದ ದಾರಿ, ಜಿಗಣೆ, ಆನೆಯ ಭಯ. ಸಹಪಾಠಿಯ ಜೀಪು ಬಂದು ನಿಲ್ಲುತ್ತದೆ. ಹತ್ತುತ್ತಾಳೆ. ಅವಳು ಒಪ್ಪಿದ್ದು ಮನೆ ತಲುಪುವುದಕ್ಕೆ, ಅಷ್ಟಕ್ಕೆ ಮಾತ್ರ. ಜೀಪಿನಲ್ಲಿ ಅವಳು ಗಟ್ಟಿಯಾಗಿ 'ಬೇಡ' ಅನ್ನಬೇಕಾದರೆ ಅಪ್ಪನ ಕೆಲಸ, ತಲೆ ಮೇಲಿನ ಸೂರು ಎರಡೂ ಕಣ್ಣ ಮುಂದೆ ಬರುತ್ತವೆ. 'ಬೇಡ' ಎಂದರೂ ಏನೂ ಕಳೆದುಕೊಳ್ಳದವಳು 'ಹೂಂ' ಅಂದರೆ ಅದನ್ನು ಒಪ್ಪಿಗೆ ಎನ್ನಬಹುದು. ಇದನ್ನು ಮೊದಲು ಕಲಿಯಬೇಕಾದವನು ಜೀಪು ಓಡಿಸುವವನು. ಅವಳಿಗೆ 'ಹುಷಾರಾಗಿರು' ಎಂದು ಸಾವಿರ ಸಲ ಹೇಳಿದ್ದೇವೆ. ಅವನಿಗೆ ಒಂದು ಸಲವಾದರೂ ಹೇಳಿದ್ದೇವೆಯೇ?

ಹುಡುಗರ ವಿಷಯವೂ ಇದೆ. ಹಾಸ್ಟೆಲಿನಲ್ಲಿ ರ‍್ಯಾಗಿಂಗ್ ಹೆಸರಲ್ಲಿ ಬಟ್ಟೆ ಬಿಚ್ಚಿಸಿಕೊಂಡ ಹುಡುಗ ಯಾರ ಹತ್ತಿರ ಹೇಳಿಕೊಳ್ಳಬೇಕು?

"ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ" ಎನ್ನುವವರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ನನಗೂ ಮಕ್ಕಳಿದ್ದಾರೆ. ಇದೇ ಮಾತಿಗೆ ಮಣಿದು 2007ರಲ್ಲಿ ನಮ್ಮ ರಾಜ್ಯ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ನಿಲ್ಲಿಸಿತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಈಗ ಮಕ್ಕಳಿಗೆ ಪಾಠ ಹೇಳುತ್ತಿರುವುದು ಆ ಫೋನು. ಅದರಲ್ಲಿ ಬರುವ ನೀಲಿಚಿತ್ರಗಳಲ್ಲಿ ಯಾರೂ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಪಕ್ಕದ ಹಾಸನದಿಂದ ಹೊರಟ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು ನಮ್ಮ ಊರುಗಳ ಫೋನುಗಳಿಗೂ ಬಂದವು. ಮರ್ಯಾದಸ್ಥರೆನಿಸಿಕೊಂಡವರೂ ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆ ಹೆಂಗಸರ ಒಪ್ಪಿಗೆಯನ್ನು ವಿಡಿಯೊ ತೆಗೆದವನೂ ಕೇಳಲಿಲ್ಲ, ಕಳಿಸಿದವರೂ ಕೇಳಲಿಲ್ಲ. ಅಂಥದ್ದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಶಿಕ್ಷಾರ್ಹ. ನಮ್ಮ ಮಕ್ಕಳು ಆಗ ಪಕ್ಕದಲ್ಲೇ ಕೂತು ನಮ್ಮನ್ನು ನೋಡುತ್ತಿದ್ದರು.

"ಇದು ಪರದೇಶದ ಮಾತು" ಎನ್ನುವುದಂತೂ ಶುದ್ಧ ತಪ್ಪು. ಉಡುತಡಿ ಏನು ದೂರವೇ? ಪಕ್ಕದ ಶಿವಮೊಗ್ಗ ಜಿಲ್ಲೆಯ ಊರು. ಹರಿಹರನ ರಗಳೆಯಲ್ಲಿ ಅಕ್ಕ ಮಹಾದೇವಿ ಅರಸ ಕೌಶಿಕನಿಗೆ ಷರತ್ತು ಹಾಕಿಯೇ ಅರಮನೆಗೆ ಹೋದವಳು. ಅವನು ಮೂರನೆಯ ಸಲ ತಪ್ಪಿ ನಡೆದಾಗ ಎಲ್ಲ ಬಿಟ್ಟು ಹೊರಟಳು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ, ನಮ್ಮದೇ ಆದ ಪಾಠ ಬೇಕೆ? ಹೆಣ್ಣುಮಕ್ಕಳನ್ನು ಕಾಯುವ ಕಾನೂನೂ ನಮಗೆ ಹೊಸದಲ್ಲ: ನಮ್ಮ ಜಿಲ್ಲೆ ಇನ್ನೂ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಕಾಲದಲ್ಲಿ, 1894ರಲ್ಲೇ, ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಕಾನೂನು ಮಾಡಿ ನಿಷೇಧಿಸಿತ್ತು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಿಂದ 'ದೀಕ್ಷಾರಂಭ' ಎಂಬ ಕಾರ್ಯಕ್ರಮ ನಡೆಸಲು ಹೇಳಿದೆ. ಅದರಲ್ಲಿ ಎರಡು ಗಂಟೆಯನ್ನು ಒಪ್ಪಿಗೆಯ ಪಾಠಕ್ಕೆ ಕೊಡಿ. ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಕನ್ನಡದಲ್ಲಿ, ದಿನವೂ ಪಾಠ ಮಾಡುವವರೇ ಮಾತಾಡಲಿ. ಪೊಲೀಸ್ ಇನ್‌ಸ್ಪೆಕ್ಟರನ್ನು ಕರೆಸಿ ಭಾಷಣ ಮಾಡಿಸಿ, ಫೋಟೊ ತೆಗೆಸಿ ಮುಗಿಸಬೇಡಿ. ಭಯದಿಂದ ಕಲಿತದ್ದು ಯಾರೂ ನೋಡದ ಜಾಗದಲ್ಲಿ ಮರೆತುಹೋಗುತ್ತದೆ. ಬಸ್ಸಿನ ನೂಕುನುಗ್ಗಲು, ಜೀಪು, ಜಾತ್ರೆ, ಹೋಂಸ್ಟೇ ಪಾರ್ಟಿ, ಕುಡಿದು ಮೈಮೇಲೆ ಎಚ್ಚರವಿಲ್ಲದ ಗೆಳತಿ, ನಿನ್ನೆ ಒಪ್ಪಿ ಇವತ್ತು ಬೇಡ ಅಂದವಳು, ಇಂಥ ಉದಾಹರಣೆಗಳನ್ನೇ ಎತ್ತಿ ಮಾತಾಡಿ. ಮಕ್ಕಳು ಮೊದಲು ಕಿಸಿಕಿಸಿ ನಗುತ್ತಾರೆ. ನಗಲಿ. ಅರ್ಧ ಗಂಟೆಯಾದ ಮೇಲೆ ನಗು ನಿಂತು ಪ್ರಶ್ನೆ ಶುರುವಾಗುತ್ತದೆ, ನಾನು ಕಂಡಿದ್ದೇನೆ.

ಯುಜಿಸಿಯ 2015ರ ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಲೇಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಅಧ್ಯಾಪಕರೇ ಆಗಿರಬೇಕು, ವಿದ್ಯಾರ್ಥಿಗಳ ವಿಷಯ ಬಂದಾಗ ವಿದ್ಯಾರ್ಥಿಗಳೇ ಆರಿಸಿದ ಪ್ರತಿನಿಧಿಗಳೂ ಇರಬೇಕು, ಹೊರಗಿನವರೊಬ್ಬರಿರಬೇಕು. ಗಂಡುಮಕ್ಕಳೂ, ತೃತೀಯ ಲಿಂಗಿಗಳೂ ಕಿರುಕುಳಕ್ಕೆ ಒಳಗಾಗುತ್ತಾರೆಂದು ಆ ನಿಯಮಗಳೇ ಹೇಳುತ್ತವೆ. ತಂದೆತಾಯಿಯರೇ, ಅಡ್ಮಿಷನ್ ಮಾಡಿಸಲು ಹೋದಾಗ ಹಾಸ್ಟೆಲ್ ಊಟ ವಿಚಾರಿಸುವ ಹಾಗೆ ಇದನ್ನೂ ವಿಚಾರಿಸಿ: ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಎಲ್ಲಿ ಬರೆದು ಹಾಕಿದ್ದೀರಿ ಎಂದು ಕೇಳಿ. ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಕಾಣದಿದ್ದರೆ ಪ್ರಾಂಶುಪಾಲರಿಗೆ ಅಲ್ಲೇ ಒಂದು ಅರ್ಜಿ ಬರೆದುಕೊಡಿ.

ವಿದ್ಯಾರ್ಥಿಗಳೇ, ಘಟನೆ ನಡೆದ 3 ತಿಂಗಳೊಳಗೆ ಸಮಿತಿಗೆ ಬರಹದಲ್ಲಿ ದೂರು ಕೊಡಬಹುದು. ಬರೆಯಲು ಆಗದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ತುರ್ತು ಇದ್ದರೆ 112, ಮಹಿಳಾ ಸಹಾಯವಾಣಿ 181, ಹದಿನೆಂಟು ತುಂಬದವರಿಗೆ 1098. ಈ ಮೂರು ನಂಬರುಗಳನ್ನು ಬಸ್ ಪಾಸಿನ ಹಿಂದೆ ಇವತ್ತೇ ಬರೆದಿಟ್ಟುಕೊಳ್ಳಿ. ಘಾಟಿಯಲ್ಲಿ ಫೋನಿನ ಚಾರ್ಜು ಮುಗಿದರೂ ಪಕ್ಕದವರ ಫೋನಿನಿಂದ ಮಾಡಬಹುದು.